ಮಟ್ಟ

ಮುಂಜಾನಿ ಆರಕ್ಕ ಆಲಮಟ್ಟಿ ಕಟ್ಟೀ ಮ್ಯಾಲ
ಟಾರ್ಚು ಹಿಡದು ಬಗ್ಗತೇನಿ.
ಕಪ್ಪು ಬಿಳಿ ಪಟ್ಟಿ ಮ್ಯಾಲ ನೀರು ಎಲ್ಲಿ ಮುಟ್ಟೇತಿ
ಅಷ್ಟ ಬರೀಬೇಕು, ಮನಸಿಗೆ ಬಂದದ್ದಲ್ಲ.
ಒಳಹರಿವು, ಹೊರಹರಿವು, ಮಟ್ಟ.
ಹತ್ತೊಂಬತ್ತು ವರ್ಷ ಆತು,
ಒಂದು ಅಂಕಿನೂ ಸುಳ್ಳು ಬರದಿಲ್ಲ.

ಮೂರು ತಿಂಗಳಿಗೊಮ್ಮೆ ಖಾಲಿ ಹೊಟ್ಟೀಲೆ
ನಿಡಗುಂದಿ ಬಸ್ ಹಿಡದು ವಿಜಯಪುರಕ್ಕ ಹೋಗತೇನಿ
ನನ್ನ ಮಟ್ಟ ಓದಸಾಕ.
ಲ್ಯಾಬಿನ ಮೆಹಜಬೀನ ತೋಳಿಗೆ ರಬ್ಬರು ಬಿಗೀತಾಳ:
"ಅಂಕಲ್, ಈ ಸಲ ನರ ಛಲೋ ಎದ್ದಾವ ನೋಡ್ರಿ."
ಎದ್ದಾವು.
ಮೂರು ವಾರಕ್ಕೊಂದು ಸೂಜಿ, ಕುಂಡೀಗೆ,
ಎಣ್ಣೀಯಂಥಾ ಔಷಧ, ನಿಧಾನಕ್ಕ ಇಳೀತದ.

ಹದಿನಾರರಾಗ ಮಂಗಬಾವು ಬಂದಿತ್ತು.
ಗದ್ದದ್ದು ಇಳೀತು, ಇಳದು ಇನ್ನೂ ಕೆಳಗ ಹೋತು.
ಅವ್ವ ಬೇವಿನ ತಪ್ಪಲಾ ಕಾಸಿ ಕಟ್ಟಿದ್ಲು,
ಯಾರಿಗೂ ಹೇಳಬ್ಯಾಡ ಅಂದ್ಲು.
ಹೇಳಲಿಲ್ಲ.
ನೀಲಾಂಬಿಕಾ ಬಂದಳು, ಗುಡಿ ಗುಡಿ ತಿರುಗಿದಳು,
ಹರಕಿ ಎಲ್ಲಾ ಆಕೀ ಹೆಸರಲೆ.
ನಾನು ಪಕ್ಕದಾಗ ಕಾಯಿ ಹಿಡದು
ಸುಮ್ಮನ ನಿಂತಿದ್ದೆ.

ಹೋದ ವರ್ಷ ಕಟ್ಟೀ ಮೆಟ್ಟಲದಾಗ ಜಾರಿ
ಮುಂಗೈ ಮುರೀತು, ಹಪ್ಪಳ ಮುರದಂಗ.
ಡಾಕ್ಟರ್ ಕಟಗೇರಿ ಚಿತ್ರ ನೋಡಿದ್ರು, ರಕ್ತ ನೋಡಿದ್ರು,
ಬಾಗಿಲಾ ಮುಚ್ಚಿ ಟೆಸ್ಟೋಸ್ಟೆರಾನ್ ಅಂದ್ರು.
ನಾನು ಅಂಕಿ ನೋಡಿದೆ.
ನಮ್ಮ ಭಾಷಾದಾಗ ಅದು ಡೆಡ್ ಸ್ಟೋರೇಜಿಗೂ ಕೆಳಗ.

"ಔಷಧ ಕೊಡತೇನಿ. ಆದ್ರ ನಿಮ್ಮ ಎಡಗಡಿ ಕಿಡ್ನಿ
ಹುಟ್ಟಾ ಸಣ್ಣದು. ನೋಡಕೋತ ಕೊಡತೇನಿ."

ದನಿ ಒಡೀತು, ನಲವತ್ತೇಳರಾಗ.
ಫೋನಿನಾಗ ಮೇಡಂ ಅಂತಿದ್ದ ಕಂಟ್ರೋಲ್ ರೂಮಿನಾಂವ
ಈಗ ಸರ್ ಅಂತಾನ.
ಪಾವಟಗಿ ಹತ್ತಿದ್ರ ತೇಕು ಬರೂದಿಲ್ಲ.
ಆದ್ರ ಚೀಟಿಯೊಳಗ ಕ್ರಿಯಾಟಿನಿನ್:
ಒಂದು. ಒಂದು ಪಾಯಿಂಟ್ ಎರಡು.
ಈ ಸಲ ಒಂದು ಪಾಯಿಂಟ್ ನಾಕು.
ಒಳಹರಿವು ಕಡಿಮಿದ್ದಾಗ ಮಟ್ಟ ಏರಿದ್ರ
ಗೇಟು ಕೆಟ್ಟೇತಂತ ನಾವು ತಿಳೀತೇವಿ.

ಕಟಗೇರಿ ನಕ್ಕರು, ಪೂರಾ ನಗಲಿಲ್ಲ.
"ಅದು ಸ್ನಾಯುವಿನ ಮುಸರಿರೀ.
ಮನ್ಯಾಗ ಉಣ್ಣಾವ್ರು ಹೆಚ್ಚಾದ್ರ ಮುಸರಿ ಹೆಚ್ಚಾಗೂದ.
ಮುಸರಿ ಹೆಚ್ಚಾಗೇತೋ, ತಿಕ್ಕಾಕಿ ಸೋತಾಳೋ,
ಅದನ್ನ ಬ್ಯಾರೆ ಕೇಳಬೇಕು."
ಉಚ್ಚೀ ಡಬ್ಬಿ ಕೊಟ್ಟರು. ರಕ್ತ ದಪ್ಪ ಆಗೇತೇನಂತ ನೋಡಿದ್ರು.
ಸಿಸ್ಟಾಟಿನ್ ಅನ್ನೋ ಇನ್ನೊಂದು ಪರೀಕ್ಷೆ
ಬೆಳಗಾವಿಗೆ ಹೋತು. ನಾಕು ದಿನ.
ಮುಂಗೈ ನೂಸಿದ್ರೂ ನೋವಿನ ಗುಳಿಗಿ ನುಂಗಬಾರದು,
ನೀರು ಎಂಟು ತಂಬಿಗಿ.

ನೀಲಾಂಬಿಕಾ ಅಡಗೀಮನಿ ಗ್ವಾಡೀ ಮ್ಯಾಲ
ಸುಣ್ಣದ ಕಡ್ಡೀಲೆ ಗೆರಿ ಹಾಕತಾಳ, ತಂಬಿಗಿಗೊಂದು.
ಮೂರನೇ ದಿನ ರಾತ್ರಿ ಕೇಳಿದಳು,
ಬೆನ್ನು ಮಾಡಿ, ಹಿಟ್ಟು ನಾದಕೋತ:
"ಸೂಜಿ ಯಾಕರೀ?"
"ಎಲುಬಿಗೆ."
ಮೆಹಜಬೀನ ಬರದ ಚೀಟಿ ಆಕೀ ಓದಿದ್ದಳು.
ಏಳನೇತ್ತಾ ಕಲತಾಕಿ, ಅಕ್ಷರ ಬರತಾವು.

"ಹರಕಿಗೆ ನನ್ನ ಹೆಸರು,
ಔಷಧಕ್ಕ ಎಲುಬಿನ ಹೆಸರು."

ಕೊಣಮಗಿಯೊಳಗ ಹಿಟ್ಟಿನ ಸಪ್ಪಳಷ್ಟ.
ನನ್ನ ಹೊಸಾ ದನಿ, ಎಲ್ಲಾರೂ ಸರ್ ಅನ್ನೋ ದನಿ,
ಗಂಟಲದಾಗ ಹಳೇದಾಗಿ ಕುಂತಿತ್ತು.
ಆಮ್ಯಾಲ ಹೇಳಿದೆ. ಬಾವು. ಬೇವು. ಅವ್ವ.
ಅಂಕಿ ಹೇಳೂವಂಗ ಹೇಳಿದೆ,
ಕೂಡಸಲಿಲ್ಲ, ಕಳೀಲಿಲ್ಲ.

ಆಕಿ ಅಳಲಿಲ್ಲ. ಮಾಫಿ ಅಂತೂ ಅನಲಿಲ್ಲ.
ರೊಟ್ಟಿ ಬಡದಳು,
ಎಂದಿಗಿಂತ ಜೋರಾಗಿ, ಒಂದು ಹರದು ಹೋತು.

ಬೆಳಗಾವಿಯಿಂದ ನಾಳೆ ಬರತದ
ತಿಕ್ಕಾಕಿ ಸೋತಾಳೋ ಇಲ್ಲೋ.
ನಾನು ಹಾಸಿಗಿ ಬಿಚ್ಚೂ ಮುಂದ
ಆಕಿ ಹಿಟ್ಟಿನ ಕೈಯಾಗ ತಂಬಿಗಿ ಹಿಡದು ಬಂದಳು,
ಗ್ವಾಡಿ ಕಡೆ ತೋರಿಸಿದಳು:
"ಏಳ ಆಗ್ಯಾವು.
ಇದನ್ನ ಕುಡೀರಿ ಮೊದಲ."